ಎರಡನೇ ಸಲ ಕೇಳುವ ದುಗರ್

ಬೋರ್‌ಖುದಗ್ ಊರಿನಿಂದ ಜಿಲ್ಲಾಕೇಂದ್ರಕ್ಕೆ ರಸ್ತೆ ಅಂತ ಒಂದಿಲ್ಲ. ಬಯಲಿನ ಮೇಲೆ ಹತ್ತಾರು ಗಾಲಿಜಾಡುಗಳು ಬೇರೆಯಾಗುತ್ತ, ಮತ್ತೆ ಕೂಡುತ್ತ ಹೋಗುತ್ತವೆ. ಯಾವುದರಲ್ಲಿ ಕಲ್ಲು ಕಡಿಮೆಯೋ ಅದೇ ಆ ದಿನದ ರಸ್ತೆ. ದುಗರ್ ಅದರ ಮೇಲೆ ಅರ್ಧ ಆಯುಷ್ಯ ಗಾಡಿ ಓಡಿಸಿದ್ದ. ಮೊದಲು ಸಹಕಾರಿ ಸಂಘದ ಎಣ್ಣೆ ಲಾರಿ, ಸಂಘ ಮುಚ್ಚಿದ ಮೇಲೆ ಸ್ವಂತದ ಬೂದು ಬಣ್ಣದ ರಷ್ಯನ್ ವ್ಯಾನು. ಹತ್ತು ಜನ ಕೂರಬೇಕಾದ ಆ ವ್ಯಾನು ಹದಿನೈದು ಜನ ತುಂಬದೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಸಡಿಲವಾಗಿ ಕೂತರೆ ಗುಂಡಿ ಸಿಕ್ಕಾಗ ತಲೆ ಸೂರಿಗೆ ಬಡಿಯುತ್ತದೆ, ಒತ್ತಿಕೊಂಡು ಕೂತರೆ ಯಾರೂ ಅಲ್ಲಾಡುವುದಿಲ್ಲ ಎಂಬುದು ಅವನ ವಾದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಊರಿನವರು ಅವನನ್ನು 'ಎರಡು ಸಲ ಕೇಳೋ ದುಗರ್' ಎನ್ನುತ್ತಿದ್ದರು. ಅದು ಹೊಗಳಿಕೆಯೂ ಹೌದು, ಬೈಗುಳವೂ ಹೌದು. ಹೇಳುವವರು ಆ ದಿನ ಅವನ ಗಾಡಿಯಲ್ಲಿ ಕೂತಿದ್ದರೇ ಇಲ್ಲವೇ ಎನ್ನುವುದನ್ನು ನೋಡಿ ಅರ್ಥ ಮಾಡಿಕೊಳ್ಳಬೇಕಿತ್ತು.

ಆ ಕಡೆ ದಾರಿಯಲ್ಲಿ ಒಬ್ಬರಿಗೊಬ್ಬರು ಎದುರಾದರೆ "ಪಯಣ ಕ್ಷೇಮವಾ?" ಎಂದು ಕೇಳುತ್ತಾರೆ. ಕೇಳಿಸಿಕೊಂಡವರು "ಕ್ಷೇಮ" ಅನ್ನಬೇಕು. ಗುಡಾರ ಸುಟ್ಟುಹೋಗಿರಲಿ, ಮಂದೆಗೆ ತೋಳ ನುಗ್ಗಿರಲಿ, ಗಾಡಿಯ ಅಚ್ಚು ಮುರಿದು ಎರಡು ದಿನದಿಂದ ನೀರಿಲ್ಲದೆ ಕೂತಿರಲಿ, ಬಾಯಿಂದ ಮೊದಲು ಬರಬೇಕಾದದ್ದು ಕ್ಷೇಮವೇ. ಮುಖ ಕಂಡ ಕೂಡಲೇ ಕಷ್ಟ ಹೇಳಿಕೊಳ್ಳುವುದು ಮರ್ಯಾದೆಗೆಟ್ಟ ಕೆಲಸ. ಕಷ್ಟವನ್ನು ಹೆಸರಿಟ್ಟು ಕರೆದರೆ ಅದು ಇನ್ನೂ ಹತ್ತಿರ ಬರುತ್ತದೆ ಎಂಬ ಅಂಜಿಕೆ ಬೇರೆ. ಗಾಡಿಯಿಂದ ಇಳಿದು, ನಶ್ಯದ ಡಬ್ಬಿ ಕೈಯಿಂದ ಕೈಗೆ ದಾಟಿ, ಕುರಿ ಮೈ ತುಂಬಿವೆಯಾ, ನಿಮ್ಮ ಕಡೆ ಮಳೆ ಬಿತ್ತಾ ಎಂದು ಮಾತಾಗಿ, ಆಮೇಲೆ ಇನ್ನೊಂದು ಸಲ "ಮತ್ತೆ, ಏನು ಸಮಾಚಾರ?" ಎಂದಾಗ ನಿಜ ಹೊರಗೆ ಬರುತ್ತದೆ. ಹಿಂದೆ ಎಲ್ಲರೂ ಎರಡು ಸಲ ಕೇಳುತ್ತಿದ್ದರು. ಈಗ ವೇಗದ ಗಾಡಿಗಳು ಬಂದಿವೆ. ಕಿಟಕಿ ಇಳಿಸಿ ಕೇಳುತ್ತಾರೆ, ಉತ್ತರ ಬಂದ ಕೂಡಲೇ ಕಿಟಕಿ ಏರಿಸುತ್ತಾರೆ. ಮೊದಲ ಪ್ರಶ್ನೆ ಉಳಿದುಕೊಂಡಿತು, ಎರಡನೆಯದು ಎಲ್ಲೋ ಬಿದ್ದುಹೋಯಿತು.

ದುಗರ್ ಮಾತ್ರ ಬಿಟ್ಟಿರಲಿಲ್ಲ. ನಿಂತ ಗಾಡಿ ಕಂಡರೆ ಇಂಜಿನ್ ಆರಿಸಿ ಇಳಿಯುತ್ತಿದ್ದ. ನಡೆದು ಹೋಗುವವನು ಕಂಡರೂ ಅಷ್ಟೆ. ಅದರಿಂದ ಅವನಿಗೆ ಪುಣ್ಯ ಬಂತೋ ಇಲ್ಲವೋ, ತಾಪತ್ರಯ ಧಾರಾಳವಾಗಿ ಬಂತು. ಒಮ್ಮೆ ಹತ್ತಿಸಿಕೊಂಡವನೊಬ್ಬ ಇಳಿಯುವಾಗ ಜ್ಯಾಕನ್ನೇ ಎತ್ತಿಕೊಂಡು ಹೋದ. ಇನ್ನೊಮ್ಮೆ ಗಂಡಹೆಂಡಿರ ಜಗಳದ ನಡುವೆ ಹೋಗಿ ಎರಡನೇ ಸಲ ಕೇಳಿದ. ಹೆಂಡತಿ ಗಂಡನ ಲಾರಿ ಬಿಟ್ಟು ಇವನ ವ್ಯಾನು ಹತ್ತಿ ತವರಿಗೆ ಹೋದವಳು ವಾಪಸು ಬರಲೇ ಇಲ್ಲ. ಆ ಗಂಡ ಇವತ್ತಿಗೂ ಸಂತೆಯಲ್ಲಿ ದುಗರನನ್ನು ಕಂಡರೆ ಉಗಿಯುತ್ತಾನೆ.

"ನಿಂಗ್ಯಾಕೆ ಬೇಕಿತ್ತು ಊರ ಉಸಾಬರಿ?" ಎಂದು ಅವನ ಹೆಂಡತಿ ಪಗ್ಮಾ ಚಹಾ ಸುರಿಯುತ್ತ ಹಂಗಿಸುತ್ತಿದ್ದಳು. "ದಾರೀಲಿ ಸಿಕ್ಕಿದೋರನ್ನೆಲ್ಲ ಹತ್ತಿಸ್ಕೊಂಡು ಬಾ. ಕೊನೆಗೊಂದು ದಿನ ನಾನೇ ದಾರೀಲಿ ನಿಂತ್ಕೋತೀನಿ. ಆವಾಗಾದ್ರೂ ನನ್ನನ್ನ ಒಂದ್ಮಾತು ಕೇಳ್ತೀಯೇನೋ."

ದುಗರ್ ನಗುತ್ತಿದ್ದ. ಅವನದು ದೊಡ್ಡ ತತ್ವವೇನೂ ಆಗಿರಲಿಲ್ಲ. ಕೇಳದೆ ಮುಂದೆ ಹೋದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ, ಅಷ್ಟೆ.

ಊರಿಗೆ ಶಾಗ್ದರ್ ಎಂಬ ಹುಡುಗನ ಬಿಳಿ ಜಪಾನಿ ಕಾರು ಬಂದ ಮೇಲೆ ದುಗರನ ಗಾಡಿಗೆ ಜನ ಕಡಿಮೆಯಾದರು. ಶಾಗ್ದರ್ ಯಾರಿಗೂ ನಿಲ್ಲಿಸುತ್ತಿರಲಿಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟ ಜಿಲ್ಲಾಕೇಂದ್ರದಲ್ಲಿ. ದುಗರನ ಗಾಡಿ ಹತ್ತಿದವರಿಗೆ ಯಾವ ಊಟ ಎಲ್ಲಿ ಎನ್ನುವುದು ತಿಳಿಯುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಒಂದು ಸಂಜೆ ಯಂಜ್ಮಾ ಅವನ ಗುಡಾರಕ್ಕೆ ಬಂದಳು. ಯಂಜ್ಮಾ ಊರಿನ ಹವಾಮಾನ ಕೇಂದ್ರದವಳು. ದಿನಕ್ಕೆ ಹಲವು ಸಲ, ಗಂಟೆ ತಪ್ಪದೆ, ಗಾಳಿ ಎಷ್ಟು, ಬಿಸಿಲು ಎಷ್ಟು ಎಂದು ನೋಡಿ ರೇಡಿಯೋದಲ್ಲಿ ಹೇಳುವುದು ಅವಳ ಕೆಲಸ. ಗಂಡ ಸತ್ತ ದಿನವೂ ಗಂಟೆ ತಪ್ಪಿಸಲಿಲ್ಲ ಎಂದು ಜನ ಹೇಳುತ್ತಿದ್ದರು. ಹಾಗೆ ಹೇಳುವಾಗ ಅವರಿಗೆ ಸ್ವಲ್ಪ ಭಯವೂ ಇರುತ್ತಿತ್ತು. ಅವಳಿಗೆ ಒಬ್ಬಳೇ ಮಗಳು, ಸೊಲೊಂಗೊ. ಪಶುವೈದ್ಯ ಆಗಬೇಕೆಂದಿದ್ದ ಹುಡುಗಿ. ಕಾಲೇಜಿನ ಪ್ರವೇಶ ಪರೀಕ್ಷೆ ಮಾರನೇ ದಿನ ಮಧ್ಯಾಹ್ನ, ಜಿಲ್ಲಾಕೇಂದ್ರದಲ್ಲಿ. ವರ್ಷಕ್ಕೆ ಅದೊಂದೇ ಸಲ.

"ಶಾಗ್ದರನ ಕಾರು ತುಂಬಿಹೋಗಿದೆ" ಎಂದಳು ಯಂಜ್ಮಾ. ಸುತ್ತು ಬಳಸಿ ಮಾತಾಡುವವಳಲ್ಲ. "ನನಗೆ ರಜಾ ಸಿಕ್ಕಿರೋದು ನಾಳೆ ಒಂದೇ ದಿನ. ದುಗರಣ್ಣ, ನಾಳೆ ನೀನು ದಾರೀಲಿ ಇಳಿಯೋ ಹಾಗಿಲ್ಲ. ಟಯರ್ ಪಂಕ್ಚರ್ ಆದ್ರೆ ಇಳಿ. ಇನ್ಯಾತಕ್ಕೂ ಇಳೀಬೇಡ. ಮಾತು ಕೊಡು."

ದುಗರ್ ಕಿವಿ ಕೆರೆದುಕೊಂಡ.

"ಕೊಡು ಅಂತಿದಾಳಲ್ಲ, ಕೊಡು" ಎಂದಳು ಪಗ್ಮಾ. "ಒಂದಿನ ನೀನು ಇಳೀದಿದ್ರೆ ಭೂಮಿ ಏನು ನಿಂತುಹೋಗಲ್ಲ."

ಅವನು ಮಾತು ಕೊಟ್ಟ.

ಬೆಳಕು ಹರಿಯುವ ಹೊತ್ತಿಗೆ ವ್ಯಾನು ತುಂಬಿತ್ತು. ಒಣಮೊಸರಿನ ಗಟ್ಟಿ ಮಾರಲು ಹೊರಟ ದೆಜಿದ್ ಅಜ್ಜಿ ಎರಡು ಚೀಲ ಇಟ್ಟುಕೊಂಡು ಬಾಗಿಲ ಹತ್ತಿರವೇ ಕೂತಿದ್ದಳು. ದಾರಿ ಸುಖವಾಗಲಿ ಎಂದು ಪಗ್ಮಾ ಚಕ್ರಗಳ ಹಿಂದೆ ಸೌಟಿನಿಂದ ಹಾಲು ಚಿಮುಕಿಸಿದಳು. ಇಂಜಿನ್ ಹತ್ತಿದ ಕೂಡಲೇ ಯಂಜ್ಮಾ ಕೈಗಡಿಯಾರ ನೋಡಿ ಕೇಳಿದಳು, "ಎಷ್ಟೊತ್ತಿಗೆ ಮುಟ್ತೀವಿ?"

ವ್ಯಾನಿನೊಳಗೆ ಎಲ್ಲರೂ ನಾಲಿಗೆ ಕಚ್ಚಿಕೊಂಡರು. ಹೊರಟವರು ಆ ಪ್ರಶ್ನೆ ಕೇಳಬಾರದು; ಕೇಳಿದರೆ ದಾರಿ ಉದ್ದವಾಗುತ್ತದೆ.

"ಆಯ್ತು, ಹೋಯ್ತು" ಎಂದಳು ದೆಜಿದ್ ಅಜ್ಜಿ. "ಇಷ್ಟು ವರ್ಷ ಗಾಳಿ ಅಳೆದೂ ಅಳೆದೂ ನಿಂಗೆ ಎಲ್ಲಾನೂ ಅಳೆಯೋ ಚಟ ಹತ್ತಿದೆ ಕಣೇ. ಉಗುಳಿ ಹಾಕು ಹೊರಗೆ."

ಯಂಜ್ಮಾ ಉಗುಳಲಿಲ್ಲ. ಸೊಲೊಂಗೊ ಅಮ್ಮನ ಪರವಾಗಿ ಕಿಟಕಿಯಿಂದ ಹೊರಗೆ ಉಗುಳಿದಳು, ಎಲ್ಲರೂ ನಕ್ಕರು.

ದಾರಿ ಚೆನ್ನಾಗಿಯೇ ಸಾಗಿತು. ಕಣಿವೆಯ ನೆತ್ತಿಯಲ್ಲಿ ನೀಲಿ ಬಟ್ಟೆ ಕಟ್ಟಿದ ಹರಕೆಯ ಕಲ್ಲುಗುಡ್ಡೆ ಬಂದಾಗಲೂ ದುಗರ್ ಇಳಿದು ಸುತ್ತು ಹಾಕದೆ ಮೂರು ಸಲ ಹಾರ್ನ್ ಹೊಡೆದು ಮುಂದೆ ಹೋದ. ಯಂಜ್ಮಾಳ ಮುಖ ಸ್ವಲ್ಪ ಸಡಿಲವಾಯಿತು. ಪರೀಕ್ಷೆಗೆ ಎರಡು ಗಂಟೆ ಮೊದಲೇ ಮುಟ್ಟುವ ಹಾಗಿತ್ತು.

ಅರ್ಧ ದಾರಿ ದಾಟಿದ ಮೇಲೆ, ಫೋನು ಹಿಡಿಯದ ಬಟ್ಟ ಬಯಲಿನಲ್ಲಿ, ಒಂದು ಹಸಿರು ಜೀಪು ನಿಂತಿತ್ತು. ಅದರ ನೆರಳಿನಲ್ಲಿ ನಲವತ್ತರ ಆಚೀಚಿನ ಒಬ್ಬ ಗಂಡಸು ಬೀಡಿ ಸೇದುತ್ತ ಕೂತಿದ್ದ. ದುಗರನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಕೊಟ್ಟ ಮಾತು ನೆನಪಾಯಿತು. ಅವನು ಪೂರ್ತಿ ನಿಲ್ಲಿಸದೆ ಕಿಟಕಿಯಿಂದ ತಲೆ ಹಾಕಿ ಕೂಗಿದ, "ಪಯಣ ಕ್ಷೇಮವಾ?"

ಆ ಮನುಷ್ಯ ಎದ್ದು ನಿಂತು ಟೋಪಿ ಸರಿಮಾಡಿಕೊಂಡ. "ಕ್ಷೇಮ, ಕ್ಷೇಮ. ನಿಮ್ಮದು?"

"ಕ್ಷೇಮ" ಎಂದು ದುಗರ್ ಗೇರ್ ಬದಲಿಸಿದ.

ವ್ಯಾನಿನ ಹಿಂದೆ ಕೂತು ದಾರಿಯುದ್ದಕ್ಕೂ ಹಾಡುತ್ತಿದ್ದ ಒಬ್ಬ ಹಾಡು ನಿಲ್ಲಿಸಿದ. ದೆಜಿದ್ ಅಜ್ಜಿ ಯಾರಿಗೂ ಅಲ್ಲ ಎನ್ನುವಂತೆ, "ನೋಡೋಕೆ ಕ್ಷೇಮವಾಗೇ ಇದ್ದ" ಎಂದಳು. ಯಾರೂ ಹೌದು ಅನ್ನಲಿಲ್ಲ. ದುಗರ್ ಕನ್ನಡಿಯಲ್ಲಿ ನೋಡಿದ. ಜೀಪು ಚಿಕ್ಕದಾಗುತ್ತ ಹೋಗಿ ಧೂಳಿನಲ್ಲಿ ಮರೆಯಾಯಿತು. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಕೇಳಿದೆ, ಹೇಳಿದ, ಮುಗಿಯಿತು ಎಂದು ಮನಸ್ಸಿಗೆ ಹೇಳಿಕೊಂಡರೆ ಮನಸ್ಸು ಒಪ್ಪಲಿಲ್ಲ.

ತುಂಬ ದೂರ ಹೋದ ಮೇಲೆ ಹಿಂದಿನ ಸೀಟಿನಿಂದ ಸೊಲೊಂಗೊ ಅಂದಳು, "ಮಾಮ, ನೀವು ಇಂಜಿನ್ ಆರಿಸಿರ್ಲಿಲ್ಲ."

"ಸುಮ್ನಿರೇ" ಎಂದಳು ಯಂಜ್ಮಾ.

"ಇಂಜಿನ್ ಓಡ್ತಿರುವಾಗ ಕೇಳಿದ್ರೆ ಅವನಾದ್ರೂ ಏನು ಹೇಳಬೇಕು? ಹೋಗೋರಿಗೆ ಕ್ಷೇಮ ಅನ್ನದೆ ಇನ್ನೇನು ಅಂತಾನೆ?"

ದುಗರ್ ವ್ಯಾನು ನಿಲ್ಲಿಸಿ ಹಿಂದಕ್ಕೆ ತಿರುಗಿದ. "ನಾನು ಮಾತು ಕೊಟ್ಟಿರೋದು ನಿಮ್ಮಮ್ಮನಿಗೆ ತಾಯಿ" ಎಂದ. ಎಲ್ಲರ ಕಣ್ಣೂ ಯಂಜ್ಮಾಳ ಮೇಲೆ ಬಿತ್ತು. ಅವಳು ಕೈಗಡಿಯಾರ ನೋಡಿದಳು. ತುಟಿ ಅಲ್ಲಾಡಿತು, ಹಿಂದೆ ಹೋಗಲು ಎಷ್ಟು, ಬರಲು ಎಷ್ಟು, ಉಳಿದ ದಾರಿಗೆ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದಳು. ಲೆಕ್ಕ ಕೂಡಿತು, ಸ್ವಲ್ಪ ಸಮಯ ಮಿಕ್ಕೂ ಮಿಕ್ಕಿತು. ಮಗಳ ಕಡೆ ನೋಡದೆ ಅಂದಳು, "ಹೋಗಿ ಕೇಳು."

ಆ ಮನುಷ್ಯ ಅದೇ ನೆರಳಿನಲ್ಲಿ ಕೂತಿದ್ದ. ಈ ಸಲ ದುಗರ್ ಇಂಜಿನ್ ಆರಿಸಿ ಇಳಿದ. ಹೆಸರು ಬಾಲ್ದನ್ ಎಂದಾಯಿತು. ನಶ್ಯದ ಡಬ್ಬಿ ದಾಟಿತು, ಇಬ್ಬರೂ ಮೂಸಿ ಹಿಂದಿರುಗಿಸಿದರು. ಕುರಿಗಳು ಚೆನ್ನಾಗಿದ್ದವು. ಮಳೆ ಅಲ್ಪಸ್ವಲ್ಪ ಬಿದ್ದಿತ್ತು. ವ್ಯಾನಿನೊಳಗೆ ಯಂಜ್ಮಾ ಉಗುರು ಕಚ್ಚುತ್ತಿದ್ದಳು. ದುಗರ್ ಅವಸರ ಮಾಡಲಿಲ್ಲ.

"ಮತ್ತೆ, ಏನು ಸಮಾಚಾರ?" ಎಂದ.

ಬಾಲ್ದನ್ ನೆಲ ನೋಡಿದ. "ಏನಿಲ್ಲ. ನಮ್ಮಪ್ಪ ಒಳಗೆ ಮಲಗಿದಾನೆ. ನಿನ್ನೆಯಿಂದ ಹೊಟ್ಟೆ ಕಲ್ಲಾಗಿದೆ. ಆಸ್ಪತ್ರೆಗೆ ಅಂತ ಹೊರಟ್ವಿ, ಗೇರ್ ಪೆಟ್ಟಿಗೆ ಒಡೀತು."

"ಬೆಳಿಗ್ಗೆಯಿಂದ ಯಾರೂ ಬರ್ಲಿಲ್ವಾ?"

"ಬಂದಿದ್ರು. ಒಂದು ಲಾರಿ, ಒಂದು ಬಿಳಿ ಕಾರು. ಪಾಪ, ಇಬ್ರೂ ಕ್ಷೇಮ ಕೇಳಿದ್ರು."

ಅವನ ಮಾತಿನಲ್ಲಿ ದೂರು ಇರಲಿಲ್ಲ. ದುಗರ್ ಜೀಪಿನ ಹಿಂಬಾಗಿಲು ತೆಗೆದ. ಒಣಗಿದ ಸಣ್ಣ ಮುದುಕನೊಬ್ಬ ಕಂಬಳಿಯ ಮೇಲೆ ಮೊಣಕಾಲು ಎದೆಗೊತ್ತಿಕೊಂಡು ಮಲಗಿದ್ದ. ದುಗರನ ಮುಖ ಕಂಡು ಅವನೂ ಅಂದ, "ಪಯಣ ಕ್ಷೇಮವಾ?"

ಮುದುಕನನ್ನು ಮಲಗಿಸಬೇಕಾದರೆ ವ್ಯಾನಿನ ಹಿಂದಿನ ಸೀಟು ಪೂರ್ತಿ ಖಾಲಿಯಾಗಬೇಕಿತ್ತು. ಯಾರೂ ಹೇಳುವ ಮುಂಚೆಯೇ ದೆಜಿದ್ ಅಜ್ಜಿ ಚೀಲಗಳನ್ನು ಕೆಳಗೆ ನೂಕಿದಳು. "ನಾವೊಂದು ನಾಲ್ಕು ಜನ ಈ ಜೀಪಿನ ಹತ್ರ ಕೂತಿರ್ತೀವಿ. ಎಲ್ಲಿಗೂ ಓಡಿಹೋಗಲ್ಲ. ತಿನ್ನೋಕೆ ನನ್ನ ಮಾಲಿದೆ. ವಾಪಸು ಬರೋವಾಗ ನೀರು ತಗೊಂಡ್ಬಾ." ಸೊಲೊಂಗೊ ಹಿಂದಿನ ಸೀಟಿನ ತುದಿಯಲ್ಲಿ ಕೂತು ಮುದುಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಬಾಲ್ದನ್ ಅಪ್ಪನ ಕಾಲ ಬಳಿ ಕೂತ; ಪರೀಕ್ಷೆಯ ವಿಷಯ ಅವನಿಗೆ ಯಾರೂ ಹೇಳಲಿಲ್ಲ.

ಯಂಜ್ಮಾಳ ಲೆಕ್ಕ ತಪ್ಪಿದ್ದು ಎಲ್ಲಿ ಎಂದು ವ್ಯಾನು ಹೊರಟ ಕೂಡಲೇ ಎಲ್ಲರಿಗೂ ತಿಳಿಯಿತು. ಅವಳು ದೂರವನ್ನು ಎಣಿಸಿದ್ದಳು. ನೋಯುವ ಹೊಟ್ಟೆಯನ್ನು ಹೊತ್ತ ಗಾಡಿ ಆ ಕಲ್ಲುಜಾಡಿನಲ್ಲಿ ಎಷ್ಟು ಮೆಲ್ಲಗೆ ಹೋಗಬೇಕು ಎನ್ನುವುದು ಅವಳ ಲೆಕ್ಕದಲ್ಲಿ ಇರಲಿಲ್ಲ. ದುಗರ್ ಪ್ರತಿ ಕಲ್ಲನ್ನೂ ನೋಡಿ ನೋಡಿ ಹತ್ತಿಸಿ ಇಳಿಸುತ್ತಿದ್ದ. ಕುದುರೆ ಮೇಲಿನ ಹುಡುಗನೊಬ್ಬ ಪಕ್ಕದಲ್ಲಿ ಬಂದು, ಸ್ವಲ್ಪ ಹೊತ್ತು ಜೊತೆಗಿದ್ದು, ಮುಂದೆ ಹೋಗಿಬಿಟ್ಟ.

ಒಂದೇ ಒಂದು ಸಲ ಯಂಜ್ಮಾ ಬಾಯಿ ಬಿಟ್ಟಳು. "ಸ್ವಲ್ಪ ಬೇಗ ಹೋಗೋಕಾಗುತ್ತಾ?"

ದುಗರ್ ಸ್ವಲ್ಪ ಬೇಗ ಹೋದ. ಮುದುಕನಿಂದ ಒಂದು ಸದ್ದು ಬಂತು. ನರಳಾಟವೂ ಅಲ್ಲ, ಹಲ್ಲು ಕಚ್ಚಿ ತಡೆದುಕೊಂಡ ಉಸಿರು. ಯಂಜ್ಮಾ ಕೈಗಡಿಯಾರ ಬಿಚ್ಚಿ ಚೀಲದೊಳಗೆ ಹಾಕಿದಳು. ಮತ್ತೆ ಕೇಳಲಿಲ್ಲ.

ಪರೀಕ್ಷೆಯ ಶಾಲೆ ಊರಿನ ಮೊದಲಿಗೇ ಸಿಗುತ್ತದೆ, ಆಸ್ಪತ್ರೆ ಆಚೆ ಕಡೆ. ಶಾಲೆಯ ಮುಂದೆ ತಾಯಿಮಗಳು ಇಳಿದರು. ಗೇಟು ಮುಚ್ಚಿತ್ತು. ದುಗರ್ ಕಾಯುವ ಹಾಗಿರಲಿಲ್ಲ. ಕನ್ನಡಿಯಲ್ಲಿ ಅವನಿಗೆ ಕಂಡದ್ದಿಷ್ಟು: ಯಂಜ್ಮಾ ಕಂಬಿ ಹಿಡಿದುಕೊಂಡು ಒಳಗಿನ ಯಾರಿಗೋ ಏನೋ ಹೇಳುತ್ತಿದ್ದಳು, ಒಳಗಿದ್ದವನು ಆಗದು ಎಂದು ತಲೆ ಆಡಿಸುತ್ತಿದ್ದ, ಸೊಲೊಂಗೊ ಅಮ್ಮನ ತೋಳು ಹಿಡಿದು ಎಳೆಯುತ್ತಿದ್ದಳು. ಆ ವರ್ಷದ ಪರೀಕ್ಷೆ ಅವಳ ಪಾಲಿಗೆ ಅಲ್ಲಿಗೆ ಮುಗಿಯಿತು.

ಮುದುಕ ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಈ ಸುದ್ದಿ ಬೋರ್‌ಖುದಗಿಗೆ ಬಂದಾಗ ಯಂಜ್ಮಾ ಅಂಗಡಿಯಲ್ಲಿ ಹಿಟ್ಟು ಕೊಳ್ಳುತ್ತಿದ್ದಳು. ದುಗರನೂ ಅಲ್ಲೇ ಇದ್ದ. ಅವಳು ಅವನ ಕಡೆ ತಿರುಗಿ, ಕೂಗಾಡದೆ ಕೇಳಿದಳು, "ಹಾಗಾದ್ರೆ ಯಾತಕ್ಕಾಯ್ತು ದುಗರಣ್ಣ ಇದೆಲ್ಲ?" ಅವಳು ಹಿಟ್ಟಿನ ಚೀಲ ಹೆಗಲಿಗೇರಿಸಿ ಹೊರಟಳು. ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು.

ಊರು ಎರಡಾಯಿತು. ದುಗರ್ ಮಾಡಿದ್ದು ಸರಿ ಎನ್ನುವವರು ಬಹಳ ಜನ ಇದ್ದರು. ಆದರೆ ಮದುವೆ, ಆಸ್ಪತ್ರೆ, ಕಚೇರಿ ಅಂತ ಗಂಟೆಗೆ ಸರಿಯಾಗಿ ಹೋಗಬೇಕಾದ ದಿನ ಅವರೂ ಶಾಗ್ದರನ ಕಾರನ್ನೇ ಹತ್ತುತ್ತಿದ್ದರು. ವ್ಯಾನಿನಲ್ಲಿ ಸಡಿಲವಾಗಿ ಕೂತು ತಲೆ ಬಡಿಸಿಕೊಳ್ಳುವವರು ಹೆಚ್ಚಾದರು. ಸೊಲೊಂಗೊ ವಸಂತದಲ್ಲಿ ಮೇಕೆಗಳ ಉಣ್ಣೆ ಬಾಚುವ ಕೂಲಿಗೆ ಹೋದಳು. ದುಗರನನ್ನು ಕಂಡರೆ ದೂರದಿಂದ ಕೈಬೀಸುತ್ತಿದ್ದಳು. ಅವಳು ಕೈಬೀಸಿದಾಗಲೆಲ್ಲ ಅವನಿಗೆ ಇನ್ನಷ್ಟು ಸಂಕಟವಾಗುತ್ತಿತ್ತು.

ಅದಕ್ಕೂ ಮುಂಚೆ, ಶರತ್ಕಾಲದಲ್ಲಿ ಒಂದು ದಿನ ಬಾಲ್ದನ್ ಬಂದಿದ್ದ. ಎರಡು ಕುರಿ ಕಡಿದು ತಂದಿದ್ದ, ಒಂದು ದುಗರನಿಗೆ, ಒಂದು ಅಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಹುಡುಗಿಯ ಮನೆಗೆ. ಮನೆ ತೋರಿಸಲು ದುಗರನೇ ಜೊತೆಯಲ್ಲಿ ಹೋಗಬೇಕಾಯಿತು. ಸೊಲೊಂಗೊ ಮನೆಯಲ್ಲಿರಲಿಲ್ಲ. ಯಂಜ್ಮಾ ಇಬ್ಬರಿಗೂ ಚಹಾ ಕೊಟ್ಟಳು, ದುಗರನ ಬಟ್ಟಲನ್ನು ಅವನ ಮುಖ ನೋಡದೆ ಕೊಟ್ಟಳು. ಬಾಲ್ದನ್ ಮೆಲ್ಲಗೆ ಹೇಳಿದ, ರಾಜಧಾನಿಯಿಂದ ತಂಗಿ ಬರುವವರೆಗೂ ಅಪ್ಪನಿಗೆ ಜೀವ ಇತ್ತು, ಅವಳ ಗುರುತು ಸಿಕ್ಕಿತು, ಅವಳ ಕೈಯಿಂದ ಎರಡು ಗುಟುಕು ನೀರು ಕುಡಿದ ಎಂದು. ಆಮೇಲೆ ಕೇಳಿದ, "ನಿಮಗೆ ನಮ್ಮಿಂದ ಅವತ್ತು ಏನೂ ತೊಂದ್ರೆ ಆಗ್ಲಿಲ್ಲ ತಾನೆ ಅಕ್ಕ? ಎಲ್ಲ ಕ್ಷೇಮ ತಾನೆ?"

"ಎಲ್ಲ ಕ್ಷೇಮ" ಎಂದಳು ಯಂಜ್ಮಾ.

ಬಾಲ್ದನ್ ನಂಬಿದ. ದುಗರ್ ಬಟ್ಟಲಿನೊಳಗೆ ನೋಡುತ್ತ ಕೂತ. ಇನ್ನೊಮ್ಮೆ ಕೇಳಿದರೆ ಅವಳು ಏನು ಹೇಳುತ್ತಾಳೆ ಎನ್ನುವುದು ಅವನಿಗೆ ಗೊತ್ತಿತ್ತು. ಬದುಕಿನಲ್ಲಿ ಮೊದಲ ಸಲ ಅವನಿಗೆ ಎರಡನೇ ಸಲ ಕೇಳಲು ಧೈರ್ಯ ಬರಲಿಲ್ಲ.

ಮತ್ತೆ ಬೇಸಿಗೆ ಬಂತು. ಪರೀಕ್ಷೆಯ ವಾರ. ದುಗರ್ ವ್ಯಾನಿನ ಕೆಳಗೆ ಮಲಗಿ ಸ್ಪ್ಯಾನರ್ ತಿರುಗಿಸುತ್ತಿದ್ದಾಗ ಪಕ್ಕದಲ್ಲಿ ಎರಡು ಬೂಟು ಬಂದು ನಿಂತವು. ಹೊರಗೆ ಬಂದು ನೋಡಿದರೆ ಯಂಜ್ಮಾ.

"ಕ್ಷೇಮವಾ?" ಎಂದ, ಬೇರೇನೂ ತೋಚದೆ.

"ಕ್ಷೇಮ. ಈ ಸಲ ಎರಡು ದಿನ ರಜಾ ತಗೊಂಡಿದೀನಿ. ನಾಳೆ ಹೊರಡೋಣ. ಪರೀಕ್ಷೆ ಇರೋದು ನಾಡಿದ್ದು."

ದುಗರ್ ಕೈಯ ಎಣ್ಣೆ ಒರೆಸಿಕೊಳ್ಳುತ್ತ ನಿಂತ. "ಶಾಗ್ದರನ ಕಾರು..."

"ಕರೆದ. ಎರಡು ಸೀಟು ಇಟ್ಟಿದೀನಿ ಅಂದ. ಬೇಡ ಅಂದೆ."

ಅವಳು ಹೋಗದೆ ಅಲ್ಲೇ ನಿಂತಳು. ದುಗರ್ ಸ್ಪ್ಯಾನರನ್ನು ಕೆಳಗಿಟ್ಟ. ಅಂಗಿಯ ಒಳಗಿನಿಂದ ನಶ್ಯದ ಡಬ್ಬಿ ತೆಗೆದು ಎರಡೂ ಕೈಯಲ್ಲಿ ಹಿಡಿದು ಚಾಚಿದ. ಅವಳು ತೆಗೆದುಕೊಂಡಳು, ಮೂಸಿ ಹಿಂದೆ ಕೊಟ್ಟಳು. ಗಾಳಿ ಎಷ್ಟಿದೆ ಅಂತ ಕೇಳಿದ. ಎಷ್ಟಿದೆ ಅಂತ ಹೇಳಿದಳು.

"ಮತ್ತೆ, ಏನು ಸಮಾಚಾರ?" ಎಂದ ದುಗರ್.

"ಸಮಾಚಾರ ಏನು. ನಿನ್ನ ಮೇಲೆ ಸಿಟ್ಟಿದೆ. ಹೋಗಿಲ್ಲ, ಹೋಗೋದೂ ಇಲ್ಲ" ಎಂದಳು ಯಂಜ್ಮಾ. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ. "ಹೋಗಿ ಕೇಳು ಅಂದಿದ್ದು ನಾನೇ. ನನ್ನ ಮೇಲೂ ಅಷ್ಟೇ ಸಿಟ್ಟಿದೆ. ಒಂದು ವರ್ಷ ಹೋಯ್ತು ನನ್ನ ಮಗಳದ್ದು. ಈ ಸಲ ಅವಳು ಪಾಸಾಗ್ತಾಳೆ. ಪಾಸಾದ್ರೆ ಐದು ವರ್ಷ ಈ ದಾರೀಲಿ ಒಬ್ಳೇ ಹೋಗ್ತಾಳೆ, ಬರ್ತಾಳೆ. ಎಲ್ಲೋ ಒಂದ್ಕಡೆ ಕೆಟ್ಟು ನಿಂತಿರ್ತಾಳೆ. ಯಾರಾದ್ರೂ ಕೇಳಿದ್ರೆ ಕ್ಷೇಮ ಅಂತಾಳೆ. ನಾನು ಸಾಕಿರೋದೇ ಹಾಗೆ."

ಅವಳು ಮೂಗು ಎಳೆದುಕೊಂಡು ವ್ಯಾನಿನ ಚಕ್ರಕ್ಕೆ ಬೂಟಿನಿಂದ ಒಮ್ಮೆ ಒದ್ದಳು.

"ಇದನ್ನ ಓಡಿಸ್ತಾ ಇರು. ಓಡಿಸೋದನ್ನ ಬಿಡ್ಬೇಡ."